ಶ್ನಾಲ್ಸ್ ಕಣಿವೆ: ಗಡಿರೇಖೆ ಮತ್ತು ಕುರಿದಾರಿ

ಇಟಲಿಯ ಉತ್ತರ ತುದಿಯಲ್ಲಿ, ದಕ್ಷಿಣ ಟಿರೋಲ್ ಪ್ರಾಂತದೊಳಗೆ, ಆಸ್ಟ್ರಿಯಾದ ಗಡಿಗೆ ತಾಗಿಕೊಂಡು ಶ್ನಾಲ್ಸ್ ಕಣಿವೆಯಿದೆ. ಇಡೀ ಕಣಿವೆಗೆ ಒಂದೇ ಸ್ಥಳೀಯಾಡಳಿತ. ಜನಸಂಖ್ಯೆ ಸುಮಾರು 1,300. ನೂರಕ್ಕೆ 95ಕ್ಕೂ ಹೆಚ್ಚು ಮಂದಿಯ ಮನೆಮಾತು ಜರ್ಮನ್. ಈ ಕಣಿವೆಯ ಚರಿತ್ರೆಯನ್ನು ಸಾಮಾನ್ಯವಾಗಿ 1919ರ ಗಡಿಯಿಂದ ಆರಂಭಿಸಿ ಹೇಳುವುದುಂಟು. ಆದರೆ ಇಲ್ಲಿನ ಬದುಕನ್ನು ರೂಪಿಸಿದ್ದು ಗಡಿಗಿಂತ ಬಹಳ ಹಳೆಯದಾದ ಮೇವಿನ ಹಕ್ಕು ಎಂಬುದು ಈ ಲೇಖನದ ವಾದ.

ಮೇವಿನ ಹಕ್ಕಿನ ಹಿನ್ನೆಲೆ

ಕಣಿವೆಯ ಬಾಯಿ ಕಿರಿದಾದ ಕಮರಿ. ಅದು ತೆರೆದುಕೊಳ್ಳುವ ಫಿನ್ಷ್‌ಗಾವ್ ಬಯಲು ಆಲ್ಪ್ಸ್‌ನ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು. ಶ್ನಾಲ್ಸ್‌ನ ಇಳಿಜಾರುಗಳು ಕಡಿದಾದವು, ಹುಲ್ಲು ಕಡಿಮೆ. ಪರ್ವತಸಾಲಿನ ಆಚೆ, ಓಟ್ಸ್‌ಟಾಲ್‌ನ ಮೇಲ್ಗಣಿವೆಗಳಲ್ಲಿ ಹುಲ್ಲು ಹೇರಳ, ಜನ ವಿರಳ. ಹಾಗಾಗಿ ಇಲ್ಲಿನ ರೈತರು ಬೇಸಿಗೆಯಲ್ಲಿ ಕುರಿಗಳನ್ನು ಕೆಳಗಿಳಿಸುವ ಬದಲು ಹಿಮನದಿ ದಾಟಿಸಿ ಉತ್ತರಕ್ಕೆ ಅಟ್ಟಿದರು. ಶ್ನಾಲ್ಸ್ ಮತ್ತು ಆಚೆಬದಿಯ ಫೆಂಟ್ ಗ್ರಾಮಗಳ ನಡುವಿನ ಮೇವಿನ ಹಕ್ಕನ್ನು ಇತ್ಯರ್ಥಪಡಿಸಿದ 1415ರ ಪತ್ರ ಈ ಪದ್ಧತಿಗೆ ಗಟ್ಟಿ ಲಿಖಿತ ಆಧಾರ.

ಈ ಶತಮಾನಗಳಲ್ಲಿ ಕಣಿವೆಯೊಳಗಿನ ಒಡೆತನ ಬದಲಾಗುತ್ತಲೇ ಇತ್ತು. ಟಿರೋಲ್‌ನ ಕೌಂಟ್ ಹೈನ್‌ರಿಖ್ 1326ರಲ್ಲಿ ಸ್ಥಾಪಿಸಿದ ಕಾರ್ಥೂಸಿಯನ್ ಮಠವನ್ನು ಚಕ್ರವರ್ತಿ ಎರಡನೆಯ ಯೋಸೆಫ್ 1782ರಲ್ಲಿ ಮುಚ್ಚಿಸಿದ. ಸನ್ಯಾಸಿಗಳ ಕೋಣೆಗಳಲ್ಲಿ ರೈತ ಕುಟುಂಬಗಳು ಒಕ್ಕಲಾದವು; ಮಠವೇ ಕಾರ್ಥಾವುಸ್ ಎಂಬ ಊರಾಯಿತು. 1924ರ ಬೆಂಕಿಯಲ್ಲಿ ಆ ಊರಿನ ಬಹುಪಾಲು ಸುಟ್ಟುಹೋಯಿತು. ಕುರಿದಾರಿ ಮಾತ್ರ ಉಳಿದುಕೊಂಡಿತು.

1919ರ ರೇಖೆ

ಮೊದಲ ಮಹಾಯುದ್ಧದ ಬಳಿಕದ ಸೇಂಟ್ ಜರ್ಮೈನ್ ಒಪ್ಪಂದ ಇನ್ ಮತ್ತು ಎಟ್ಷ್ ನದಿಗಳ ಜಲವಿಭಾಜಕವನ್ನೇ ಗಡಿಯೆಂದು ಸಾರಿತು. ಕುರಿಗಳ ಊರು ಇಟಲಿಗೆ ಸೇರಿತು, ಮೇವು ಆಸ್ಟ್ರಿಯಾದಲ್ಲಿ ಉಳಿಯಿತು. ಫ್ಯಾಸಿಸ್ಟ್ ಆಡಳಿತ 1923ರಿಂದ ಜರ್ಮನ್ ಶಾಲೆಗಳನ್ನೂ ಸ್ಥಳನಾಮಗಳನ್ನೂ ಅಳಿಸಲು ಹೊರಟಿತು. ಶ್ನಾಲ್ಸ್ ಕಡತಗಳಲ್ಲಿ ಸೆನಾಲೆಸ್ ಆಯಿತು. 1939ರಲ್ಲಿ ಜರ್ಮನಿಗೆ ವಲಸೆ ಹೋಗುವುದೋ, ಇಟಲಿಯಲ್ಲೇ ಉಳಿಯುವುದೋ ಎಂಬ ಆಯ್ಕೆಯನ್ನು ಪ್ರಾಂತದ ಜನರ ಮುಂದಿಟ್ಟರು. ಭಾಷೆಗೆ ರಕ್ಷಣೆ ದೊರೆತದ್ದು ಆಸ್ಟ್ರಿಯಾ ಮತ್ತು ಇಟಲಿ ನಡುವಿನ 1946ರ ಗ್ರೂಬರ್–ದೆ ಗಾಸ್ಪೆರಿ ಒಪ್ಪಂದ ಮತ್ತು 1972ರ ಸ್ವಾಯತ್ತತಾ ಶಾಸನದಿಂದ.

1919ರ ಗಡಿರೇಖೆ ಎಷ್ಟು ಅಳ್ಳಕವಾಗಿತ್ತೆಂಬುದು ಬಯಲಾದದ್ದು 1991ರ ಸೆಪ್ಟೆಂಬರ್ 19ರಂದು. ಟೀಸನ್‌ಯೋಖ್ ಬಳಿ 3,210 ಮೀಟರ್ ಎತ್ತರದಲ್ಲಿ, ಮುಂದೆ ಓಟ್ಸಿ ಎಂದು ಹೆಸರಾದ ಸುಮಾರು 5,300 ವರ್ಷ ಹಳೆಯ ದೇಹ ಸಿಕ್ಕಿತು. ಆ ಜಾಗದ ನೀರು ಹರಿಯುವುದು ಇನ್ ನದಿಯತ್ತ. ಜಲವಿಭಾಜಕದ ತತ್ತ್ವವನ್ನು ಪಾಲಿಸಿದರೆ ಅದು ಆಸ್ಟ್ರಿಯಾದ್ದಾಗಬೇಕು. ಆದರೆ ಗಡಿ ಗುರುತಿಸುವಾಗ ಅಲ್ಲಿ ದಪ್ಪ ಹಿಮ ಕವಿದಿದ್ದರಿಂದ ರೇಖೆ ಉತ್ತರಕ್ಕೆ ಸರಿದಿತ್ತು. ಅಕ್ಟೋಬರ್‌ನಲ್ಲಿ ನಡೆದ ಮರುಅಳತೆ, ದೇಹ ಇಟಲಿಯೊಳಗೆ 92.56 ಮೀಟರ್ ದೂರದಲ್ಲಿತ್ತೆಂದು ತೀರ್ಮಾನಿಸಿತು.

ಪ್ರಾಚೀನತೆಯ ಪ್ರಶ್ನೆ

ಓಟ್ಸಿಯನ್ನು ಕುರಿಗಾಹಿಯೆಂದು ಕರೆದು, ವಲಸೆ ಪದ್ಧತಿಗೆ ಐದು ಸಾವಿರ ವರ್ಷಗಳ ಆಯಸ್ಸು ಕಟ್ಟುವ ವಾಡಿಕೆಯಿದೆ. ಪುಟ್ಸರ್, ಫೆಸ್ಟಿ ಮತ್ತು ಓಗ್ಲ್ ಅವರ 2016ರ ಅಧ್ಯಯನ ಇದನ್ನು ಒಪ್ಪುವುದಿಲ್ಲ. ಎತ್ತರದ ಹುಲ್ಲುಗಾವಲುಗಳ ಬಳಕೆಗೆ ಓಟ್ಸಿ ಬದುಕಿದ್ದ ತಾಮ್ರಯುಗದಲ್ಲಿ ಪುರಾವೆಯಿಲ್ಲ, ಅದು ಕಾಣಸಿಗುವುದು ಕಂಚಿನ ಯುಗದಿಂದ ಎಂಬುದು ಅವರ ನಿಲುವು. ಆದ್ದರಿಂದ ಶ್ನಾಲ್ಸ್‌ನ ಹಕ್ಕನ್ನು ಓಟ್ಸಿಯ ಹೆಸರಿನಲ್ಲಿ ಸಮರ್ಥಿಸುವುದು ಸಲ್ಲದು. 1415ರ ಪತ್ರವೇ ಅದಕ್ಕೆ ಸಾಕು.

ಸಮಾರೋಪ

ಇಂದಿಗೂ ಜೂನ್‌ನಲ್ಲಿ ಸಾವಿರಾರು ಕುರಿಗಳು ನೀಡರ್‌ಯೋಖ್, ಹೋಖ್‌ಯೋಖ್ ಕಣಿವೆದಾರಿಗಳನ್ನು ದಾಟಿ ಸೆಪ್ಟೆಂಬರ್‌ನಲ್ಲಿ ಮರಳುತ್ತವೆ. ಹಿಮ ಹೆಚ್ಚಿದ್ದರೆ ಕುರಿಗಾಹಿಗಳು ಮುಂದೆ ನಡೆದು ಹಿಮ ತುಳಿದು ಹಾದಿ ಮಾಡುತ್ತಾರೆ. ನಡೆಯಲಾರದ ಮರಿಗಳನ್ನು ಹೊತ್ತುಕೊಳ್ಳುತ್ತಾರೆ. 2019ರಲ್ಲಿ ಯುನೆಸ್ಕೊ ಇಂಥ ಋತುಮಾನದ ವಲಸೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪದ್ಧತಿ ಉಳಿದದ್ದು ಕೇವಲ ಭಾವನೆಯ ಬಲದಿಂದಲ್ಲ. ಆಸ್ಟ್ರಿಯಾದೊಳಗಿನ ಆ ಮೇವಿನ ನೆಲದ ಒಡೆತನ ಈಗಲೂ ಶ್ನಾಲ್ಸ್‌ನ ರೈತರ ಕೈಯಲ್ಲಿದೆ. ರಾಜ್ಯಗಳ ಸಾರ್ವಭೌಮತ್ವ ಒಂದು ಕಡೆ, ರೈತರ ಹಿಡುವಳಿ ಇನ್ನೊಂದು ಕಡೆ ಇರಲು ಸಾಧ್ಯವೆಂದು ಈ ಕಣಿವೆ ತೋರಿಸುತ್ತದೆ. ಗಡಿ ಪ್ರದೇಶಗಳ ಚರಿತ್ರೆ ಬರೆಯುವವರು ರಾಜತಾಂತ್ರಿಕ ಒಪ್ಪಂದಗಳಷ್ಟೇ ಶ್ರದ್ಧೆಯಿಂದ ಹಳ್ಳಿಗಳ ಮೇವಿನ ಪತ್ರಗಳನ್ನೂ ಓದಬೇಕಾಗಿದೆ.