ಇಂಗ್ಲೆಂಡಿನಿಂದ ಪತ್ರ – 9: ಮಗು ಯಾರ ಹತ್ತಿರ?

ನಮ್ಮ ವಾರ್ಡಿನ ಹೆಲ್ತ್‌ಕೇರ್ ಅಸಿಸ್ಟೆಂಟ್ ಒಬ್ಬರು ಹತ್ತೊಂಬತ್ತಕ್ಕೇ ತಾಯಿಯಾದವರು, ಗಂಡನಿಲ್ಲ. ಮೊನ್ನೆ ನೈಟ್ ಡ್ಯೂಟಿಯಲ್ಲಿ "ನನ್ನನ್ನು ಕೆಲಸಕ್ಕೆ ಹಚ್ಚಿದ್ದು ಒಬ್ಬ ಅಡ್ವೈಸರ್" ಅಂದರು. ಆ ಕತೆ ಹುಡುಕಿ ಓದಿದೆ.

1997ರಲ್ಲಿ ಟೋನಿ ಬ್ಲೇರ್ ಸರ್ಕಾರ ಬಂದಾಗ ಇಲ್ಲಿನ ಒಂಟಿ ಪೋಷಕರಲ್ಲಿ ಅರ್ಧಕ್ಕಿಂತ ಕಡಿಮೆ ಜನಕ್ಕೆ ಕೆಲಸವಿತ್ತು. 1998ರಲ್ಲಿ 'ನ್ಯೂ ಡೀಲ್ ಫಾರ್ ಲೋನ್ ಪೇರೆಂಟ್ಸ್' ದೇಶವಿಡೀ ಶುರುವಾಯಿತು. ಸೇರುವುದು ಅವರವರ ಇಷ್ಟ. ಅಡ್ವೈಸರ್ ಎದುರು ಕೂತು ಲೆಕ್ಕ ಹಾಕಿ ತೋರಿಸುತ್ತಿದ್ದರು: ಸಂಬಳ ಇಷ್ಟು, ಮಗು ನೋಡಿಕೊಳ್ಳುವವರಿಗೆ ಇಷ್ಟು, ಕೈಗೆ ಉಳಿಯೋದು ಇಷ್ಟು. 1999ರ ಟ್ಯಾಕ್ಸ್ ಕ್ರೆಡಿಟ್ ಆ ಮಧ್ಯದ ಖರ್ಚಿನಲ್ಲಿ, ಒಂದು ಮಿತಿಯೊಳಗೆ, 70% ವರೆಗೂ ಭರಿಸಿತು. 2008ರ ಹೊತ್ತಿಗೆ ಕೆಲಸದಲ್ಲಿದ್ದವರು ಅರ್ಧ ದಾಟಿದ್ದರು.

ಅದೇ ವರ್ಷ ಇಷ್ಟ ಹೋಗಿ ಕಡ್ಡಾಯ ಬಂತು. ಕೊನೆ ಮಗುವಿಗೆ 12 ಆಗಿದ್ದರೆ ಕೆಲಸ ಹುಡುಕಲೇಬೇಕು, ಇಲ್ಲವಾದರೆ ಭತ್ಯೆಗೆ ಕತ್ತರಿ. 2012ಕ್ಕೆ ಆ ವಯಸ್ಸು 5ಕ್ಕಿಳಿಯಿತು.

ನಾನು ವಿಮಾನ ಹತ್ತಿದಾಗ ಮಗಳಿಗೆ ಎರಡು ವರ್ಷ. ನನ್ನ ಪಾಲಿಗೆ ಸರ್ಕಾರಿ ಯೋಜನೆ ಅಂದರೆ ಅಮ್ಮನೇ. ಅಮ್ಮ ಇಲ್ಲದವರು ಏನು ಮಾಡಬೇಕು?

ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ನಮ್ಮಲ್ಲೂ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ಬಂದಿದೆಯಲ್ಲ, ನಮ್ಮೂರಿನದು ದಿನಾ ಬಾಗಿಲು ತೆಗೆಯುತ್ತಾ? ಯಾರಾದರೂ ನೋಡಿಕೊಂಡು ಬಂದು ಹೇಳಿ.