ಜಠರ ಕ್ಯಾನ್ಸರ್: ಚಿಕಿತ್ಸಾ ಪ್ರಯೋಗಗಳ ಇತಿಹಾಸ

ಜಠರದ ಗಡ್ಡೆಯನ್ನು ಕತ್ತರಿಸಿ ತೆಗೆದರಷ್ಟೇ ಸಾಲದು, ಅದರ ಜೊತೆಗೆ ಹಲವರಿಗೆ ಕಿಮೋಥೆರಪಿಯನ್ನೂ, ಕೆಲವೊಮ್ಮೆ ವಿಕಿರಣವನ್ನೂ ಕೊಡಬೇಕು ಎಂಬ ತಿಳಿವಳಿಕೆ ಬಂದದ್ದು ಸಾವಿರಾರು ರೋಗಿಗಳು ಒಪ್ಪಿ ಪಾಲ್ಗೊಂಡ ಪ್ರಯೋಗಗಳಿಂದ. ಈ ಪ್ರಯೋಗಗಳಲ್ಲಿ ದೊಡ್ಡವು ಹೆಚ್ಚಾಗಿ ನಡೆದದ್ದು ಯುರೋಪ್, ಅಮೆರಿಕ, ಜಪಾನ್, ಕೊರಿಯಾಗಳಲ್ಲಿ. ಬೆಂಗಳೂರಿನ ಪಾಲು ತಡವಾಗಿ ಬಂತು. ಅದು ಮುಖ್ಯವಾಗಿ ಬಂದದ್ದು ಎಲೆಕ್ಟ್ರಾನಿಕ್ ಸಿಟಿಯ ಔಷಧ ತಯಾರಿಕೆಯ ದಾರಿಯಿಂದ.

1881ರ ಜನವರಿಯಲ್ಲಿ ವಿಯೆನ್ನಾದ ಥಿಯೋಡರ್ ಬಿಲ್‌ರೋತ್ ಕ್ಯಾನ್ಸರ್ ತಗುಲಿದ ಜಠರದ ಭಾಗವನ್ನು ಯಶಸ್ವಿಯಾಗಿ ತೆಗೆದರು. ರೋಗಿ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡರೂ ಕೆಲವೇ ತಿಂಗಳಲ್ಲಿ ಕ್ಯಾನ್ಸರ್ ಮರುಕಳಿಸಿ ತೀರಿಕೊಂಡರು. ಕಣ್ಣಿಗೆ ಕಾಣದೆ ಉಳಿದ ಜೀವಕೋಶಗಳನ್ನು ಕೊಲ್ಲುವುದು ಹೇಗೆಂಬ ಪ್ರಶ್ನೆ ಅಂದಿನಿಂದಲೇ ಇತ್ತು. ಚಾರ್ಲ್ಸ್ ಹೈಡಲ್‌ಬರ್ಗರ್ ತಂಡ 1957ರಲ್ಲಿ ಪ್ರಕಟಿಸಿದ 5-ಫ್ಲೋರೋಯುರಾಸಿಲ್ ಇಂದಿಗೂ ಜಠರ ಕ್ಯಾನ್ಸರ್‌ನ ಬಹುತೇಕ ಔಷಧ ಸಂಯೋಜನೆಗಳ ತಳಪಾಯ.

2001ರಲ್ಲಿ ಪ್ರಕಟವಾದ ಅಮೆರಿಕದ ಇಂಟರ್‌ಗ್ರೂಪ್ 0116 ಪ್ರಯೋಗ 556 ರೋಗಿಗಳದು. ಶಸ್ತ್ರಚಿಕಿತ್ಸೆಯ ನಂತರ ಕಿಮೋ ಮತ್ತು ವಿಕಿರಣ ಎರಡನ್ನೂ ಪಡೆದವರ ಮಧ್ಯಮ ಬದುಕುಳಿವು 36 ತಿಂಗಳು, ಬರೀ ಶಸ್ತ್ರಚಿಕಿತ್ಸೆಯವರದು 27. ಆದರೆ ಒಟ್ಟು ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಜಠರದ ಸುತ್ತಲಿನ ದುಗ್ಧಗ್ರಂಥಿಗಳನ್ನು ಸರಿಯಾಗಿ ತೆಗೆದಿರಲಿಲ್ಲ. ವಿಕಿರಣ ತುಂಬಿಕೊಟ್ಟದ್ದು ಶಸ್ತ್ರಚಿಕಿತ್ಸೆಯ ಕೊರತೆಯನ್ನೇ ಎಂಬ ಅನುಮಾನಕ್ಕೆ ಬಲವಾದ ಕಾರಣವಿದೆ. ಮುಂದೆ ಗ್ರಂಥಿಗಳನ್ನು ಪೂರ್ಣವಾಗಿ ತೆಗೆದು ನಡೆಸಿದ ಕೊರಿಯಾದ ಆರ್ಟಿಸ್ಟ್ ಪ್ರಯೋಗದಲ್ಲಿ ವಿಕಿರಣ ಸೇರಿಸಿದ್ದರಿಂದ ಒಟ್ಟಾರೆ ಬದುಕುಳಿವು ಹೆಚ್ಚಲಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ವಿಕಿರಣ ಕೊಟ್ಟು ನೋಡಿದ ಟಾಪ್‌ಗಿಯರ್ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಗಡ್ಡೆ ಹೆಚ್ಚು ಕರಗಿತು, ಆಯುಷ್ಯ ಹೆಚ್ಚಲಿಲ್ಲ.

ದಿಕ್ಕು ಬದಲಿಸಿದ್ದು 2006ರ ಬ್ರಿಟನ್ನಿನ ಮ್ಯಾಜಿಕ್ ಪ್ರಯೋಗ. 503 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಮೂರು, ನಂತರ ಮೂರು ಸುತ್ತು ಕಿಮೋ ನಿಗದಿಯಾಗಿತ್ತು. ಐದು ವರ್ಷ ಬದುಕುಳಿದವರ ಪ್ರಮಾಣ ಶೇ. 23ರಿಂದ 36ಕ್ಕೆ ಏರಿತು. ಹೊಟ್ಟೆ ಕತ್ತರಿಸಿದ ಮೇಲೆ ಊಟ ಸೇರದೆ ಸೊರಗಿದ ರೋಗಿ ಕಿಮೋ ತಾಳಿಕೊಳ್ಳುವುದು ಕಷ್ಟ. ಆರೂ ಸುತ್ತು ಮುಗಿಸಿದವರು ಅರ್ಧಕ್ಕಿಂತ ಕಡಿಮೆ. ಹಾಗಾಗಿ ಶಕ್ತಿ ಇರುವಾಗಲೇ ಔಷಧ ಕೊಡಬೇಕೆಂಬ ಪಾಠ ಗಟ್ಟಿಯಾಯಿತು. 716 ರೋಗಿಗಳ ಜರ್ಮನಿಯ ಫ್ಲಾಟ್-4 ಪ್ರಯೋಗ (2019) ನಾಲ್ಕು ಔಷಧಗಳ ಹೊಸ ಜೋಡಣೆಯಿಂದ ಮಧ್ಯಮ ಬದುಕುಳಿವನ್ನು 35 ತಿಂಗಳಿಂದ 50ಕ್ಕೆ ತಂದಿತು. ಪೂರ್ವ ಏಷ್ಯಾದವರು ಆಗ ಮುಖ್ಯವಾಗಿ ಮೊದಲು ಶಸ್ತ್ರಚಿಕಿತ್ಸೆ, ನಂತರ ಔಷಧ ಎಂಬ ಕ್ರಮವನ್ನು ಪರೀಕ್ಷಿಸಿದರು. 1059 ರೋಗಿಗಳ ಜಪಾನಿನ ಪ್ರಯೋಗದಲ್ಲಿ (2007) ಎಸ್-1 ಎಂಬ ಮಾತ್ರೆ ಮೂರು ವರ್ಷದ ಬದುಕುಳಿವನ್ನು ಶೇ. 70ರಿಂದ 80ಕ್ಕೆ ಏರಿಸಿತು.

ಬೇರೆ ಅಂಗಗಳಿಗೆ ಹರಡಿದ ರೋಗದಲ್ಲಿ ದೊಡ್ಡ ತಿರುವು 2010ರ ಟೋಗಾ ಪ್ರಯೋಗ. ಗಡ್ಡೆಯ ಜೀವಕೋಶದ ಮೇಲೆ ಹೆರ್-2 ಪ್ರೋಟೀನ್ ಅತಿಯಾಗಿದ್ದವರಿಗೆ ಕಿಮೋ ಜೊತೆ ಟ್ರಾಸ್ಟುಜುಮ್ಯಾಬ್ ಕೊಟ್ಟಾಗ ಮಧ್ಯಮ ಬದುಕುಳಿವು 11.1ರಿಂದ 13.8 ತಿಂಗಳಿಗೆ ಏರಿತು. ಪರೀಕ್ಷಿಸಿದವರಲ್ಲಿ ಸುಮಾರು ಐವರಿಗೊಬ್ಬರಲ್ಲಿ ಈ ಪ್ರೋಟೀನ್ ಕಂಡಿತ್ತು. ಆದರೆ ಮೂರು ವಾರಕ್ಕೊಮ್ಮೆ ಹನಿಸಬೇಕಾದ ಈ ಔಷಧದ ಬೆಲೆ ನಮ್ಮ ಬಹುಪಾಲು ಮನೆಗಳಿಗೆ ಎಟುಕುವಂತಿರಲಿಲ್ಲ.

ಇಲ್ಲಿಗೆ ಬೆಂಗಳೂರು ಬರುತ್ತದೆ. ರೋಷ್ ಕಂಪನಿ 2013ರಲ್ಲಿ ಟ್ರಾಸ್ಟುಜುಮ್ಯಾಬ್‌ನ ಭಾರತದ ಪೇಟೆಂಟನ್ನು ಕೈಬಿಟ್ಟ ಬಳಿಕ, ಕಿರಣ್ ಮಜುಂದಾರ್ ಶಾ 1978ರಲ್ಲಿ ಕಟ್ಟಿದ, ಎಲೆಕ್ಟ್ರಾನಿಕ್ ಸಿಟಿಯ ಬಯೋಕಾನ್ 2014ರಲ್ಲಿ ಅದೇ ಔಷಧದ ಜೈವಿಕ ಸಮಾನ ರೂಪವನ್ನು ‘ಕ್ಯಾನ್‌ಮ್ಯಾಬ್’ ಹೆಸರಿನಲ್ಲಿ ಕಡಿಮೆ ಬೆಲೆಗೆ ತಂದಿತು. ಇದರ ವಿರುದ್ಧ ರೋಷ್ ದೆಹಲಿ ಹೈಕೋರ್ಟಿಗೆ ಹೋಯಿತು. ಬಯೋಕಾನ್ ಔಷಧ ಕಂಪನಿ ಮೈಲಾನ್ ಜೊತೆ ನಡೆಸಿದ ‘ಹೆರಿಟೇಜ್’ ಪ್ರಯೋಗ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಎರಡೂ ಔಷಧಗಳ ಪರಿಣಾಮ ಸಮವೆಂದು ತೋರಿಸಿತು. 2017ರ ಡಿಸೆಂಬರ್ 1ರಂದು ಅಮೆರಿಕದ ಔಷಧ ಆಡಳಿತ ಈ ಸಮಾನ ರೂಪಕ್ಕೆ ಸ್ತನ ಹಾಗೂ ಜಠರ ಎರಡೂ ಕ್ಯಾನ್ಸರ್‌ಗಳಿಗೆ ಒಪ್ಪಿಗೆ ಕೊಟ್ಟಿತು. ಆ ದೇಶ ಒಪ್ಪಿದ ಮೊದಲ ಟ್ರಾಸ್ಟುಜುಮ್ಯಾಬ್ ಸಮಾನ ಔಷಧ ಇದು. ಜಠರ ಕ್ಯಾನ್ಸರ್ ರೋಗಿಗಳ ಮೇಲೆ ಪ್ರತ್ಯೇಕ ದೊಡ್ಡ ಪ್ರಯೋಗವಿಲ್ಲದೆ, ಸಾಮ್ಯದ ಆಧಾರದ ಮೇಲೆ ಆ ಒಪ್ಪಿಗೆ ದೊರೆಯಿತೆಂಬುದನ್ನು ಮರೆಯಬಾರದು.

ನಗರದಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ದಶಕಗಳಿಂದ ಕ್ಯಾನ್ಸರ್ ನೋಂದಣಿಯನ್ನೂ ನಡೆಸುತ್ತಿದೆ. ಒಂದು ಕಾಲದಲ್ಲಿ ಚಿಕಿತ್ಸೆಗಾಗಿ ಹೊಸೂರು ರಸ್ತೆಯ ಈ ಸಂಸ್ಥೆಯತ್ತ ಹೋಗಬೇಕಿದ್ದ ಬ್ರೂಕ್‌ಫೀಲ್ಡ್, ಕುಂದಲಹಳ್ಳಿ ಕಡೆಯವರಿಗೆ ಈಗ ಹತ್ತಿರದ ಇಪಿಐಪಿ ಪ್ರದೇಶದ ವೈದೇಹಿ ಆಸ್ಪತ್ರೆಯಲ್ಲೂ ಕ್ಯಾನ್ಸರ್ ಚಿಕಿತ್ಸೆ ಸಿಗುತ್ತದೆ. ಚಿಕಿತ್ಸೆ ಹತ್ತಿರ ಬಂದಷ್ಟು ಪ್ರಯೋಗ ಹತ್ತಿರ ಬಂದಿಲ್ಲ. ನಮ್ಮ ರೋಗಿಗಳ ತೂಕ, ಪೋಷಣೆ, ರೋಗ ಪತ್ತೆಯಾಗುವ ಹಂತ ಬೇರೆ. ಜರ್ಮನಿಯ ನಾಲ್ಕು ಔಷಧಗಳ ಪ್ರಮಾಣ ನಮ್ಮವರಿಗೂ ಹಾಗೇ ಹೊಂದುವುದೇ ಎಂಬುದನ್ನು ಇಲ್ಲಿಯೇ ಪರೀಕ್ಷಿಸಬೇಕು.

ಭಾರತದಲ್ಲಿ ಪ್ರಯೋಗಗಳ ನೋಂದಣಿ ವ್ಯವಸ್ಥೆ 2007ರಲ್ಲಿ ಶುರುವಾಗಿ 2009ರಲ್ಲಿ ಕಡ್ಡಾಯವಾಯಿತು. ಪ್ರಯೋಗದಿಂದ ಹಾನಿಯಾದರೆ ಪರಿಹಾರ ಕೊಡಬೇಕೆಂದು 2019ರ ನಿಯಮಗಳು ವಿಧಿಸುತ್ತವೆ. ಪ್ರಯೋಗಗಳ ಈ ನೋಂದಣಿಯನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಮನೆಯಲ್ಲಿ ಯಾರಿಗಾದರೂ ಜಠರ ಕ್ಯಾನ್ಸರ್ ಹರಡಿದೆ ಎಂದು ತಿಳಿದರೆ, ಬಯಾಪ್ಸಿಯ ಮೇಲೆ ಹೆರ್-2 ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ.