ಚಕ್ರವರ್ತಿಯ ಏಕಾಂತ

ಬಿಡುವಿಲ್ಲದವನಿಗೆ ಆತ್ಮವಿಚಾರವೆಲ್ಲಿಯದು ಎಂಬುದು ಲೋಕರೂಢಿಯ ಮಾತು. ರೋಮಿನ ಚಕ್ರವರ್ತಿ ಮಾರ್ಕಸ್ ಆರೀಲಿಯಸನ ಚರಿತ್ರೆಯು ಇದನ್ನು ಒಪ್ಪುವುದಿಲ್ಲ.

ಕ್ರಿ. ಶ. 161ರಲ್ಲಿ ಆತನು ಪಟ್ಟವೇರಿದ ಮೊದಲುಗೊಂಡು ರಾಜ್ಯಕ್ಕೆ ನೆಮ್ಮದಿಯಿರಲಿಲ್ಲ. ಪೂರ್ವದಲ್ಲಿ ಪಾರ್ಥಿಯರೊಡನೆ ಯುದ್ಧ. ಅಲ್ಲಿಂದ ಮರಳಿದ ಸೈನ್ಯದೊಡನೆ ಬಂದ ಮಹಾಮಾರಿ. ಬಳಿಕ ಡ್ಯಾನ್ಯೂಬ್ ನದಿಯ ಗಡಿಯಲ್ಲಿ ಜರ್ಮಾನಿಕ ಪಂಗಡಗಳ ದಾಳಿ. ಅನೇಕ ವರ್ಷಗಳನ್ನು ಆತನು ದಂಡಿನ ಪಾಳೆಯಗಳಲ್ಲಿಯೇ ಕಳೆಯಬೇಕಾಯಿತು.

ಆ ಗದ್ದಲದ ನಡುವೆ ಆತನು ತನಗಾಗಿಯೇ ಗ್ರೀಕ್ ಭಾಷೆಯಲ್ಲಿ ಟಿಪ್ಪಣಿಗಳನ್ನು ಬರೆದುಕೊಂಡನು. ಉಳಿದುಬಂದಿರುವ 12 ಭಾಗಗಳಲ್ಲಿ ಒಂದರೊಡನೆ ಕಾರ್ನುಂಟಮ್ ಎಂಬ ಗಡಿಠಾಣೆಯ ಹೆಸರು ಸೇರಿದೆ. ಆದರೆ ಅಲ್ಲಿ ವಿಜಯಗಳ ವರ್ಣನೆಯಿಲ್ಲ. ಬೆಳಗಿನಲ್ಲಿ ಹಾಸಿಗೆ ಬಿಡಲೊಲ್ಲದ ಮನಸ್ಸಿಗೆ ಬುದ್ಧಿವಾದ. ಹಗಲೆಲ್ಲ ಎದುರಾಗುವ ಕೃತಘ್ನರನ್ನು ಸಹಿಸಲು ಮುಂಜಾನೆಯೇ ಮಾಡಿಕೊಂಡ ಸಿದ್ಧತೆ. ಅನಾವಶ್ಯಕವಾದ ನುಡಿ-ನಡೆಗಳನ್ನು ಬಿಟ್ಟರೆ ವಿರಾಮವು ತಾನಾಗಿ ಒದಗುವುದೆಂಬ ಎಣಿಕೆ. ಜನರು ವಿಶ್ರಾಂತಿಗಾಗಿ ಬೆಟ್ಟವನ್ನೂ ಕಡಲತೀರವನ್ನೂ ಅರಸುವರು. ಮನುಷ್ಯನು ಬೇಕೆಂದಾಗ ತನ್ನೊಳಗೇ ಹಿಂದಿರುಗಬಹುದೆಂಬುದು ಆತನು ಕಂಡುಕೊಂಡ ಉಪಾಯ.

ಈ ಸಾಧನೆಯಿಂದ ಮಹಾಮಾರಿಯೇನೂ ನಿಲ್ಲಲಿಲ್ಲ. 180ರಲ್ಲಿ, ಯುದ್ಧವು ಮುಗಿಯುವ ಮುನ್ನವೇ ಆತನು ತೀರಿಕೊಂಡನು. ಪಟ್ಟಕ್ಕೆ ಬಂದ ಮಗ ಕೊಮ್ಮೋಡಸನು ತಂದೆಯ ದಾರಿಯನ್ನು ಹಿಡಿಯಲಿಲ್ಲ. ಆದರೂ 19 ವರ್ಷಗಳ ಆ ಭಾರವನ್ನು ಆತನು ಕೆಳಗಿರಿಸದೆ ಹೊತ್ತುದು ದಿನದಿನದ ಈ ಆತ್ಮವಿಚಾರದ ಬಲದಿಂದ ಎಂಬುದಕ್ಕೆ ಆ ಬರಹಗಳೇ ಸಾಕ್ಷಿಯಾಗಿವೆ.